ಪುಣೆಯಲ್ಲಿ ಹಳೆ ಸಾಮಾನು, ಆಟಿಕೆ ದಾನ ಮಾಡಬೇಕೆ? ಯಾವುದನ್ನು ಎಲ್ಲಿ ಕೊಡಬೇಕು, ಕೊಡುವ ಮುನ್ನ ಏನು ಕೇಳಬೇಕು

ಪುಣೆ: ಶಾಲಾ ಪರೀಕ್ಷೆಗಳು ಮುಗಿದು ಏಪ್ರಿಲ್-ಮೇ ಬಂತೆಂದರೆ ಪುಣೆಯ ವಾಕಡ್, ಹಿಂಜೆವಾಡಿ, ಖರಾಡಿ, ಹಡಪ್ಸರ್ ಕಡೆಯ ಅಪಾರ್ಟ್‌ಮೆಂಟ್‌ಗಳ ಮುಂದೆ ಪ್ಯಾಕರ್ಸ್ ಲಾರಿಗಳು ಬಂದು ನಿಲ್ಲುತ್ತವೆ. ಬೆಂಗಳೂರಿಗೋ ಹುಬ್ಬಳ್ಳಿಗೋ ವರ್ಗವಾಗಿ ಹೊರಟ ಕುಟುಂಬಕ್ಕೆ ಲಾರಿ ಬಾಡಿಗೆಗಿಂತ ದೊಡ್ಡ ತಲೆನೋವು ಒಯ್ಯಲಾಗದ ಸಾಮಾನಿನದು. ಮಗು ದಾಟಿ ಬಂದ ಟ್ರೈಸಿಕಲ್, ಎರಡು ಮೂಟೆ ಆಟಿಕೆ, ಹೆಚ್ಚುವರಿ ಕುಕ್ಕರ್, ಒಂದು ಕಾಲು ಅಲ್ಲಾಡುವ ಡೈನಿಂಗ್ ಟೇಬಲ್, ಯಾರೂ ಮಲಗದ ಗಾದಿ. ಗುಜರಿಗೆ ಹಾಕಲು ಮನಸ್ಸು ಬಾರದು, ಮಾರಲು ಪುರುಸೊತ್ತಿಲ್ಲ. ಕೊನೆಗೆ ಮನೆಯಲ್ಲಿ ಯಾರೋ ಒಬ್ಬರು ಹೇಳುತ್ತಾರೆ: 'ಯಾವುದಾದರೂ ಅನಾಥಾಶ್ರಮಕ್ಕೆ ಕೊಟ್ಟುಬಿಡೋಣ.'

ಹೊರಡುವ ಹಿಂದಿನ ದಿನ ಆಶ್ರಮಕ್ಕೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಬಹುತೇಕ ಒಂದೇ. 'ಹಳೆ ಬಟ್ಟೆ ಬೇಡ', 'ಗಾದಿ ತೆಗೆದುಕೊಳ್ಳುವುದಿಲ್ಲ', 'ನೀವೇ ತಂದುಕೊಡುವುದಾದರೆ ನೋಡೋಣ'. ದಾನಕ್ಕೆ ಬಂದವರನ್ನೇ ಹೀಗೆ ವಾಪಸು ಕಳಿಸುತ್ತಾರಲ್ಲ ಎಂದು ಬೇಸರವಾಗುವುದು ಸಹಜ. ಆದರೆ ಅವರ ಕಡೆಯ ಲೆಕ್ಕ ಬೇರೆಯೇ ಇರುತ್ತದೆ. ಆ ಲೆಕ್ಕ ಗೊತ್ತಿದ್ದರೆ ಪುಣೆಯಲ್ಲಿ ಹಳೆ ಸಾಮಾನಿಗೆ ಸರಿಯಾದ ಜಾಗ ಹುಡುಕುವುದು ಅಂಥ ಕಷ್ಟವೇನಲ್ಲ.

'ಬೇಡ' ಎನ್ನುವುದು ಯಾಕೆ?

ನಲವತ್ತು ಮಕ್ಕಳಿರುವ ಒಂದು ಬಾಲಗೃಹವನ್ನು ಊಹಿಸಿಕೊಳ್ಳಿ. ವಾರಕ್ಕೆ ನಾಲ್ಕು ಮನೆಯವರು ನಾಲ್ಕು ಮೂಟೆ ತಂದಿಟ್ಟು ಹೋಗುತ್ತಾರೆ. ಅದನ್ನು ಬಿಚ್ಚಿ, ವಿಂಗಡಿಸಿ, ಒಗೆದು, ಉಪಯೋಗಕ್ಕೆ ಬಾರದ್ದನ್ನು ಹೊರಹಾಕುವವರು ಮಕ್ಕಳಿಗೆ ಅಡುಗೆ ಮಾಡಿ ಪಾಠ ಹೇಳಬೇಕಾದ ಅದೇ ಸಿಬ್ಬಂದಿ. ಜಿಪ್ ಕಿತ್ತ ಪ್ಯಾಂಟು, ಒಂದೇ ಕಾಲಿನ ಬೂಟು, ಚಕ್ರವಿಲ್ಲದ ಕಾರು ಮೂಟೆಯ ಅರ್ಧ ತುಂಬಿದ್ದರೆ ಆ ಕಸವನ್ನು ಸಾಗಿಸುವ ಖರ್ಚೂ ಸಂಸ್ಥೆಯ ತಲೆಗೇ. ಕೊಟ್ಟವರ ಮನೆ ಖಾಲಿಯಾಯಿತು, ತೆಗೆದುಕೊಂಡವರ ಮನೆ ತುಂಬಿತು, ಅಷ್ಟೇ.

ಇದು ದೊಡ್ಡ ಪ್ರಮಾಣದಲ್ಲಿ ದೇಶದ ಕಣ್ಣಿಗೆ ಬಿದ್ದದ್ದು 2004ರ ಡಿಸೆಂಬರ್ 26ರ ಸುನಾಮಿ ನಂತರ. ತಮಿಳುನಾಡಿನ ಕರಾವಳಿಗೆ ಎಲ್ಲೆಡೆಯಿಂದ ಲಾರಿಗಟ್ಟಲೆ ಹಳೆ ಬಟ್ಟೆ ಹರಿದುಬಂತು. ಸಂತ್ರಸ್ತರಿಗೆ ಬೇಡವಾದ, ಅವರು ಉಡದ ಬಗೆಯ ಬಟ್ಟೆಯ ರಾಶಿ ರಸ್ತೆ ಬದಿಯಲ್ಲೇ ಉಳಿಯಿತು. ಅದನ್ನು ಎತ್ತಿ ವಿಂಗಡಿಸಿ ಬಳಕೆಗೆ ತರುವ ಕೆಲಸಕ್ಕೆ ಕೈಹಾಕಿದ್ದು ಗೂಂಜ್ ಸಂಸ್ಥೆ. ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಈ ಸಂಸ್ಥೆಯ ಕೆಲಸಕ್ಕಾಗಿ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯ ಜನ ತಮ್ಮ ಊರಿನ ಕೆರೆ, ಬಾವಿ, ರಸ್ತೆಯ ಕೆಲಸ ಮಾಡಿಕೊಂಡರೆ ಅದರ ಪ್ರತಿಫಲವಾಗಿ ಬಟ್ಟೆ-ಸಾಮಾನು ಕೊಡುವುದು ಗೂಂಜ್‌ನ ಪದ್ಧತಿ. ಉಡಲಾಗದ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಹೊಲಿಯುತ್ತಾರೆ. ದೇಶದ ಹಲವು ನಗರಗಳಲ್ಲಿ ಅದರ ಸಂಗ್ರಹ ಕೇಂದ್ರಗಳಿವೆ. ವಿಳಾಸಗಳು ಬದಲಾಗುತ್ತಿರುವುದರಿಂದ ಪುಣೆಯಲ್ಲಿ ಸದ್ಯ ಎಲ್ಲಿ ಕೊಡಬಹುದು ಎಂಬುದನ್ನು ಅದರ ಜಾಲತಾಣದಲ್ಲಿ ನೋಡಿಕೊಂಡೇ ಹೊರಡುವುದು ಒಳ್ಳೆಯದು. ಸಾಮಾನಿನ ಜೊತೆಗೆ ಸಾಗಣೆಗೆಂದು ಒಂದಿಷ್ಟು ಹಣವನ್ನೂ ಅವರು ಕೇಳುತ್ತಾರೆ. ಕೆಲವರಿಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಪುಣೆಯ ಒಂದು ಮೂಟೆ ಬಟ್ಟೆ ಯಾವುದೋ ಹಳ್ಳಿ ತಲುಪಲು ಡೀಸೆಲ್ ಬೇಕೇ ಬೇಕು.

ಪುಣೆಯ ಹಳೆಯ ದಾರಿಗಳು

ಸಂಸ್ಥೆಗಳ ಹೆಸರು ಹುಡುಕುವ ಮೊದಲು ಈ ಊರಿನಲ್ಲಿ ಹಳೆ ಸಾಮಾನು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಬೇಕು. ಪೇಠೆಗಳ ವಾಡೆಗಳಲ್ಲಿ ಬೆಳೆದವರಿಗೆಲ್ಲ 'ಬೋಹಾರೀಣ್' ಗೊತ್ತು. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬಂದು, ಹಳೆ ಸೀರೆ-ಪ್ಯಾಂಟು ತೆಗೆದುಕೊಂಡು ಪಾತ್ರೆ ಕೊಟ್ಟು ಹೋಗುವಾಕೆ. ನಮ್ಮ ಊರುಗಳಲ್ಲಿ 'ಹಳೇ ಬಟ್ಟೆಗೆ ಪಾತ್ರೆ' ಎಂದು ಕೂಗುತ್ತ ಬರುವ ಹೆಂಗಸರದ್ದೂ ಇದೇ ವ್ಯಾಪಾರ. ಎರಡು ಸೀರೆಗೆ ಒಂದು ಡಬ್ಬಿಯೋ ಮೂರಕ್ಕೋ ಎಂಬ ಚೌಕಾಸಿ ಅರ್ಧ ಗಂಟೆ ನಡೆಯುತ್ತದೆ. ಹೀಗೆ ಹೋದ ಬಟ್ಟೆ ರಿಪೇರಿಯಾಗಿ, ಇಸ್ತ್ರಿಯಾಗಿ ಸಂತೆಗೆ ಬರುತ್ತದೆ. ಮಂಗಳವಾರ ಪೇಠೆಯ ಜುನಾ ಬಜಾರ್ ಬುಧವಾರ ಮತ್ತು ಭಾನುವಾರ ತುಂಬುವುದು ಇಂಥ ಹಳೆ ಸರಕಿನಿಂದಲೇ. ಇದಕ್ಕೆ ಯಾರೂ ದಾನ ಎನ್ನುವುದಿಲ್ಲ. ಆದರೂ ಬಟ್ಟೆಯನ್ನು ಬೇಕಾದವರಿಗೆ ತಲುಪಿಸುವುದರಲ್ಲಿ ಈ ಹೆಂಗಸರ ಕೈಗೆ ಸಾಟಿಯಾಗುವ ಸಂಸ್ಥೆಗಳು ಕಡಿಮೆ.

ಇನ್ನೊಂದು ದಾರಿ ದಿನಾ ಬೆಳಗ್ಗೆ ಬಾಗಿಲಿಗೇ ಬರುತ್ತದೆ. ಪುಣೆಯ ಕಸ ಆಯುವವರು 1993ರಲ್ಲಿ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆ ಕಟ್ಟಿಕೊಂಡರು. ಕಾಗದ, ಗಾಜು, ತಗಡು ಆಯುವ ಶ್ರಮಜೀವಿಗಳ ಪಂಚಾಯತಿ ಎಂದು ಇದರ ಅರ್ಥ. ಇದರಿಂದ ಹುಟ್ಟಿದ್ದು 'ಸ್ವಚ್ಛ್' ಸಹಕಾರ ಸಂಸ್ಥೆ. 2008ರಲ್ಲಿ ಪುಣೆ ಮಹಾನಗರ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಎತ್ತುವ ಕೆಲಸ ವಹಿಸಿಕೊಂಡಿತು. ಸದಸ್ಯರಲ್ಲಿ ಹೆಚ್ಚಿನವರು ಮಹಿಳೆಯರು, ಸಂಸ್ಥೆಯ ಮಾಲೀಕರೂ ಅವರೇ. ಮನೆಗಳು ಕೊಡುವ ತಿಂಗಳ ಶುಲ್ಕದ ಜೊತೆಗೆ ಒಣ ಕಸದಲ್ಲಿನ ಮಾರಬಹುದಾದ ಸಾಮಾನಿನ ಹಣವೂ ಅವರದೇ. ಹಾಗಾಗಿ ಕಿತ್ತುಹೋದ ಪ್ಲಾಸ್ಟಿಕ್ ಆಟಿಕೆ, ತಳ ಸುಟ್ಟ ಅಲ್ಯೂಮಿನಿಯಂ ಪಾತ್ರೆ, ಹಳೆ ಪುಸ್ತಕದ ರದ್ದಿ ಇವನ್ನೆಲ್ಲ ಅನಾಥಾಶ್ರಮಕ್ಕೆ ಹೊತ್ತೊಯ್ಯುವ ಬದಲು ನಿಮ್ಮ ಮನೆಗೆ ಬರುವ ಸ್ವಚ್ಛ್ ತಾಯಿಯ ಕೈಗೆ ಬೇರೆಯಾಗಿ ಕೊಟ್ಟರೆ ಅದು ಆಕೆಯ ಆ ದಿನದ ಸಂಪಾದನೆಗೆ ನೇರ ಸೇರುತ್ತದೆ.

ದೊಡ್ಡ ಸಾಮಾನಿಗೂ ಸ್ವಚ್ಛ್‌ನಲ್ಲಿ ದಾರಿಯಿದೆ. 'ವಿ ಕಲೆಕ್ಟ್' ಎಂಬ ಹೆಸರಿನಲ್ಲಿ ಹಳೆ ಬಟ್ಟೆ, ಚಪ್ಪಲಿ, ಆಟಿಕೆ, ಪೀಠೋಪಕರಣ, ವಿದ್ಯುತ್ ಸಾಮಾನು ಸಂಗ್ರಹಿಸುವ ಅಭಿಯಾನವನ್ನು ಅದು ಬಡಾವಣೆಗಳಲ್ಲಿ ನಡೆಸುತ್ತದೆ. ಬಳಸಬಹುದಾದ್ದು ಮರುಬಳಕೆಗೆ, ಉಳಿದದ್ದು ಮರುಸಂಸ್ಕರಣೆಗೆ. ಒಂಟಿ ಮನೆಯವರಿಗಿಂತ ಸೊಸೈಟಿಯವರೆಲ್ಲ ಸೇರಿ ಒಂದು ಭಾನುವಾರ ಗೊತ್ತುಮಾಡಿ ಕರೆಸಿದರೆ ಇಬ್ಬರಿಗೂ ಅನುಕೂಲ.

ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ 'ಮೇರಿ ಲೈಫ್, ಮೇರಾ ಸ್ವಚ್ಛ್ ಶಹರ್' ಅಭಿಯಾನದಡಿ ದೇಶದ ನಗರಗಳಲ್ಲಿ ಆರ್‌ಆರ್‌ಆರ್ ಕೇಂದ್ರಗಳನ್ನು ತೆರೆಸಿತ್ತು. ಕಡಿಮೆ ಬಳಕೆ, ಮರುಬಳಕೆ, ಮರುಸಂಸ್ಕರಣೆ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಅದು. ಹಳೆ ಬಟ್ಟೆ, ಬೂಟು, ಪುಸ್ತಕ, ಆಟಿಕೆಯನ್ನು ಯಾರು ಬೇಕಾದರೂ ತಂದಿಡಬಹುದು, ಬೇಕಾದವರು ಒಯ್ಯಬಹುದು ಎಂಬುದು ಲೆಕ್ಕಾಚಾರ. ನಿಮ್ಮ ವಾರ್ಡಿನ ಕೇಂದ್ರ ಈಗಲೂ ನಡೆಯುತ್ತಿದೆಯೇ, ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂಬುದನ್ನು ಪಾಲಿಕೆಯ ಕ್ಷೇತ್ರೀಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಇಲ್ಲಿ ಹೊಸಬರು ಗೊಂದಲಕ್ಕೆ ಬೀಳುವ ಒಂದು ವಿಷಯವಿದೆ. ಖರಾಡಿ, ಕೊಥ್ರೂಡ್, ಹಡಪ್ಸರ್ ಪುಣೆ ಪಾಲಿಕೆಗೆ ಸೇರಿದರೆ ವಾಕಡ್, ನಿಗಡಿ, ಚಿಂಚವಡ್ ಬೇರೆಯದೇ ಆದ ಪಿಂಪ್ರಿ-ಚಿಂಚವಡ್ ಪಾಲಿಕೆಯವು. ಐಟಿ ಪಾರ್ಕಿನ ಹಿಂಜೆವಾಡಿಯೋ, ಅಷ್ಟು ಗಾಜಿನ ಕಟ್ಟಡಗಳನ್ನು ಇಟ್ಟುಕೊಂಡೂ ಗ್ರಾಮ ಪಂಚಾಯತಿ. ಒಂದು ಪಾಲಿಕೆಯ ಸಹಾಯವಾಣಿಗೆ ಫೋನ್ ಮಾಡಿ ಇನ್ನೊಂದರ ಕೆಲಸ ಕೇಳಿದರೆ ಅಲೆದಾಟವೇ ಗತಿ.

ಆಟಿಕೆ: ಕನ್ನಡ ಮಾತಾಡುವ ಮಕ್ಕಳೂ ಕಾಯುತ್ತಿದ್ದಾರೆ

ಆಟಿಕೆ ಎಂದ ತಕ್ಷಣ ಅನಾಥಾಶ್ರಮ ನೆನಪಾಗುತ್ತದೆ. ಹೆಸರಿರುವ ಆಶ್ರಮಗಳಿಗೆ ಹುಟ್ಟುಹಬ್ಬ, ದೀಪಾವಳಿ ನೆಪದಲ್ಲಿ ಆಟಿಕೆ ಸಾಕಷ್ಟು ಬರುತ್ತದೆ. ಕೊರತೆ ಇರುವುದು ಬೇರೆ ಕಡೆ.

ಪುಣೆಯ ಹೊರವಲಯದಲ್ಲಿ ಏಳುತ್ತಿರುವ ಪ್ರತಿ ಗೋಪುರದ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲು ಇರುತ್ತದೆ. ಅಲ್ಲಿ ವಾಸಿಸುವ ಕಟ್ಟಡ ಕಾರ್ಮಿಕರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ದುಡಿಯಲು ಬಂದವರೂ ಇದ್ದಾರೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಮಕ್ಕಳು ಮರಳು-ಜಲ್ಲಿಯ ನಡುವೆ. ಶೆಡ್ಡಿನಲ್ಲಿ ಕನ್ನಡ, ಹೊರಗೆ ಮರಾಠಿ-ಹಿಂದಿ. ಕಟ್ಟಡ ಮುಗಿದರೆ ಮತ್ತೊಂದು ಸೈಟು, ಮತ್ತೊಂದು ಶಾಲೆ, ಇಲ್ಲವೇ ಶಾಲೆಯೇ ಇಲ್ಲ.

ಇಂಥ ಮಕ್ಕಳಿಗಾಗಿಯೇ ಪುಣೆಯಲ್ಲಿ ಎರಡು ಸಂಸ್ಥೆಗಳು ಬಹುಕಾಲದಿಂದ ಕೆಲಸ ಮಾಡುತ್ತಿವೆ. ಒಂದು 'ತಾರಾ ಮೊಬೈಲ್ ಕ್ರೆಷಸ್'. ಕಟ್ಟಡದ ಸೈಟಿನಲ್ಲೇ ಶಿಶುವಿಹಾರ ನಡೆಸುವ ಈ ಕಲ್ಪನೆ ಮೊದಲು ಮೂಡಿದ್ದು 1969ರಲ್ಲಿ ದೆಹಲಿಯಲ್ಲಿ, ಮೀರಾ ಮಹಾದೇವನ್ ಅವರಿಂದ. ಇನ್ನೊಂದು 'ಡೋರ್ ಸ್ಟೆಪ್ ಸ್ಕೂಲ್'. ರಜನಿ ಪರಾಂಜಪೆ ಅವರು ಕಟ್ಟಿದ ಈ ಸಂಸ್ಥೆ ಸೈಟುಗಳಲ್ಲಿ, ಕೊಳೆಗೇರಿಗಳಲ್ಲಿ ಪಾಠ ನಡೆಸುತ್ತದೆ, ಬಸ್ಸನ್ನೇ ತರಗತಿ ಮಾಡಿಕೊಂಡು ಮಕ್ಕಳಿರುವಲ್ಲಿಗೆ ಹೋಗುತ್ತದೆ. ಕೊಥ್ರೂಡ್‌ನ ಲಕ್ಷ್ಮೀನಗರದ ಮಕ್ಕಳ ಜೊತೆ ಕೆಲಸ ಮಾಡುವ 'ಪಾಲಕನೀತಿ ಪರಿವಾರ'ದ 'ಖೇಳ್‌ಘರ್' ಕೂಡ ನೆನಪಿಡಬೇಕಾದ ಹೆಸರು. ಖೇಳ್‌ಘರ್ ಎಂದರೆ ಆಟದ ಮನೆ. ಇವರಲ್ಲಿ ಯಾರಿಗೆ ಈ ತಿಂಗಳು ಯಾವ ಆಟಿಕೆ, ಎಷ್ಟು ಬೇಕು ಎಂಬುದು ಫೋನ್ ಮಾಡಿದರಷ್ಟೇ ಗೊತ್ತಾಗುತ್ತದೆ.

ಸೈಟಿನ ಶಿಶುವಿಹಾರದಲ್ಲಿ ಒಂದು ಆಟಿಕೆಯನ್ನು ದಿನಕ್ಕೆ ಇಪ್ಪತ್ತು ಕೈಗಳು ಎಳೆದಾಡುತ್ತವೆ. ಅಲ್ಲಿಗೆ ಬ್ಯಾಟರಿ ಕಾರು ಮೂರು ದಿನದ ಮಾತು. ಮರದ ಬ್ಲಾಕುಗಳು, ಜೋಡಿಸುವ ಪ್ಲಾಸ್ಟಿಕ್ ತುಂಡುಗಳು, ಚೆಂಡು, ಪೋಣಿಸುವ ದೊಡ್ಡ ಮಣಿಗಳು, ಚಿತ್ರದ ಪುಸ್ತಕ, ಅಡುಗೆ ಆಟದ ಸಣ್ಣ ಪಾತ್ರೆಗಳು ವರ್ಷಗಟ್ಟಲೆ ಬಾಳುತ್ತವೆ. ದೊಡ್ಡ ಮಕ್ಕಳಿಗೆ ಕೇರಂ, ಲೂಡೊ, ಚೆಸ್. ಜಿಗ್ಸಾದಲ್ಲಿ ಒಂದು ತುಂಡು ಕಳೆದಿದ್ದರೂ ಅದು ಆಟವಲ್ಲ, ನಿರಾಸೆ. ಕೊಡುವ ಮುನ್ನ ಮನೆಯ ಮಗುವಿನಿಂದಲೇ ಒಮ್ಮೆ ಪೂರ್ತಿ ಜೋಡಿಸಿ ನೋಡಬೇಕು. ಕೇರಂ ಬೋರ್ಡಿನ ಜೊತೆ ಕಾಯಿ, ಸ್ಟ್ರೈಕರ್ ಇರಲಿ. ಬೋರ್ಡು ಒಂದೇ ಬಂದರೆ ಅದು ಗೋಡೆಗೊರಗಿಯೇ ಉಳಿಯುತ್ತದೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ಕಿತ್ತು ಬರುವ ಕಣ್ಣು-ಗುಂಡಿ, ಸಡಿಲವಾದ ಚಕ್ರ, ಸಣ್ಣ ಅಯಸ್ಕಾಂತ ಇರುವ ಆಟಿಕೆಗಳನ್ನು ಈ ವಯಸ್ಸಿನವರಿಗೆ ಕೊಡಬಾರದು. ನಾಣ್ಯದಾಕಾರದ ಬಟನ್ ಬ್ಯಾಟರಿ ಎಲ್ಲಕ್ಕಿಂತ ಅಪಾಯಕಾರಿ. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಅಂಥ ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಅದನ್ನು ದಾನದ ಮೂಟೆಯಿಂದ ತೆಗೆದುಬಿಡಿ. ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದು 2021ರ ಜನವರಿ 1ರಿಂದ. ಅದಕ್ಕಿಂತ ಹಿಂದಿನ, ಬಣ್ಣ ಉದುರುತ್ತಿರುವ ಅಗ್ಗದ ಆಟಿಕೆಗಳ ಬಣ್ಣದಲ್ಲಿ ಸೀಸ ಇದ್ದೀತೆಂಬ ಅನುಮಾನದಲ್ಲೇ ಅವನ್ನು ಪಕ್ಕಕ್ಕಿಡುವುದು ಲೇಸು. ಟೆಡ್ಡಿಯಂಥ ಬಟ್ಟೆ ಬೊಂಬೆಗಳನ್ನು ಒಗೆದು ಬಿಸಿಲಿನಲ್ಲಿ ಎರಡು ದಿನ ಒಣಗಿಸಿರಬೇಕು. ಎಳೆ ಶಿಶುಗಳಿರುವ ಕೇಂದ್ರಗಳು ಸೋಂಕಿನ ಭಯದಿಂದ ಹಳೆ ಬಟ್ಟೆ ಬೊಂಬೆ ಬೇಡ ಎಂದರೆ ಅದಕ್ಕೆ ಎದುರು ಮಾತಿಲ್ಲ.

ಅಂಗನವಾಡಿಗಳೂ ಆಟಿಕೆ ಕೊಡಲು ಯೋಗ್ಯ ಜಾಗಗಳು. 2022ರ ಮೇ ತಿಂಗಳಲ್ಲಿ ಆಗಿನ ಮಧ್ಯಪ್ರದೇಶ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಭೋಪಾಲದ ಬೀದಿಯಲ್ಲಿ ತಳ್ಳುಗಾಡಿ ತಳ್ಳುತ್ತ ಅಂಗನವಾಡಿಗಳಿಗೆ ಆಟಿಕೆ ಸಂಗ್ರಹಿಸಿದ್ದು ಸುದ್ದಿಯಾಗಿತ್ತು. ತಳ್ಳುಗಾಡಿ ಬೇಡ, ಮನೆ ಸಮೀಪದ ಅಂಗನವಾಡಿಯ 'ತಾಯಿ'ಯನ್ನು ಹೋಗಿ ಕೇಳಿದರೆ ಸಾಕು. ಮಹಾರಾಷ್ಟ್ರದಲ್ಲಿ ಅಂಗನವಾಡಿ ಕಾರ್ಯಕರ್ತೆಗೆ 'ಸೇವಿಕಾ' ಎನ್ನುತ್ತಾರೆ, ಮಾತಿನಲ್ಲಿ ಕರೆಯುವುದು ತಾಯಿ ಎಂದೇ. ಮರಾಠಿಯ ತಾಯಿ ಎಂದರೆ ಅಕ್ಕ.

ಕೆಟ್ಟ ಆಟಿಕೆ ಪೂರ್ತಿ ಕಸ ಎಂದೇನೂ ಅಲ್ಲ. ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಬಹುಕಾಲ ಕೆಲಸ ಮಾಡಿದ್ದು ಪುಣೆಯ ಅಯೂಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಓಡದ ಕಾರಿನ ಮೋಟರು, ಚಕ್ರ, ಅಯಸ್ಕಾಂತ ವಿಜ್ಞಾನದ ಮೇಷ್ಟರ ಕೈಗೆ ಸಿಕ್ಕರೆ ಒಂದು ಪಾಠವಾಗುತ್ತದೆ. ಹತ್ತಿರದ ಪಾಲಿಕೆ ಶಾಲೆಯಲ್ಲಿ ಅಂಥವರಿದ್ದಾರೆಯೇ ಕೇಳಿ ನೋಡಬಹುದು. ಕೇಳದೆ ಮಾತ್ರ ಕೊಡಬೇಡಿ.

ಪಾತ್ರೆ, ಹಾಸಿಗೆ, ಬೀರು

ಮನೆ ಸಾಮಾನಿನಲ್ಲಿ ಬೇಡಿಕೆ ಹೆಚ್ಚಿರುವುದು ಬಹಳ ಜನ ಕೊಡಲು ಹಿಂದೆಮುಂದೆ ನೋಡುವ ವಸ್ತುಗಳಿಗೇ. ದೊಡ್ಡ ಪಾತ್ರೆ, ಸ್ಟೀಲ್ ತಟ್ಟೆ-ಲೋಟ, ಗ್ಯಾಸ್ಕೆಟ್ ಸರಿಯಿರುವ ಕುಕ್ಕರ್, ಕಂಬಳಿ, ಚಾದರ, ಬಕೆಟ್, ಮಡಚುವ ಕುರ್ಚಿ. ಪಿಂಗಾಣಿ ಶೋಪೀಸು, ಉಡುಗೊರೆ ಬಂದ ಗಾಜಿನ ಬಟ್ಟಲು ಯಾರಿಗೂ ಬೇಡ.

ಪುಣೆ ಜಿಲ್ಲೆಯ ವಢು ಬುದ್ರುಕ್‌ನಲ್ಲಿ ಸಿಸ್ಟರ್ ಲೂಸಿ ಕುರಿಯನ್ 1997ರಲ್ಲಿ ಆರಂಭಿಸಿದ 'ಮಾಹೇರ್' ನೊಂದ ಮಹಿಳೆಯರಿಗೆ, ಮಕ್ಕಳಿಗೆ ಆಸರೆ ಕೊಡುತ್ತದೆ. ಮರಾಠಿಯಲ್ಲಿ ಮಾಹೇರ್ ಎಂದರೆ ತವರುಮನೆ. ಸಿಂಧುತಾಯಿ ಸಪ್ಕಾಳ್ ಕಟ್ಟಿದ ಮನೆಗಳು ಹಡಪ್ಸರ್ ಬಳಿಯ ಮಾಂಜರಿಯಲ್ಲಿ, ಸಾಸವಡ್ ಸಮೀಪದ ಕುಂಭಾರವಳಣ್‌ನಲ್ಲಿ ಇವೆ. 'ಅನಾಥರ ತಾಯಿ' ಎಂದೇ ಹೆಸರಾಗಿದ್ದ ಅವರು 2022ರ ಜನವರಿ 4ರಂದು ತೀರಿಕೊಂಡರು. ಸಸೂನ್ ಆಸ್ಪತ್ರೆಯ ಆವರಣದಲ್ಲಿ 'ಸೋಫೋಶ್' ಸಂಸ್ಥೆ ನಡೆಸುವ 'ಶ್ರೀವತ್ಸ' ಕೇಂದ್ರ ತಂದೆತಾಯಿ ಇಲ್ಲದ ಎಳೆ ಮಕ್ಕಳದು. ನವಿ ಪೇಠೆಯ 'ನಿವಾರಾ' ವೃದ್ಧರಿಗೆ ಆಶ್ರಯ ಕೊಡುವ ಹಳೆಯ ಸಂಸ್ಥೆ. ಇವೆಲ್ಲ ಪುಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಗೊತ್ತಿರುವುದರಿಂದಲೇ ಇಲ್ಲಿಗೆ ಸಾಮಾನು ಹೆಚ್ಚು ಬರುತ್ತದೆ. ಇಂದು ಅಲ್ಲಿ ಬೇಕಿರುವುದು ಅಕ್ಕಿ-ಬೇಳೆಯೋ, ಡೈಪರೋ, ಪಾತ್ರೆಯೋ ಎಂದು ಕೇಳಿದ ಮೇಲೆ ನಿಮ್ಮಲ್ಲಿ ಇರುವುದನ್ನು ಹೇಳಿ.

ಗಾದಿಯ ವಿಷಯ ಪ್ರತ್ಯೇಕ. ತಿಗಣೆಯ ಭಯ, ಸಾಗಿಸುವ ಕಷ್ಟ, ಇಡಲು ಜಾಗವಿಲ್ಲದ್ದು, ಮೂರೂ ಸೇರಿ ಬಳಸಿದ ಗಾದಿಯನ್ನು ಬಹುತೇಕ ಸಂಸ್ಥೆಗಳು ಒಪ್ಪುವುದಿಲ್ಲ. ಕಟ್ಟಡದ ವಾಚ್‌ಮನ್, ಮನೆಗೆಲಸದವರು, ಇಸ್ತ್ರಿಯವರನ್ನು ಮೊದಲು ಕೇಳುವುದೇ ಸರಿ. ಬೀರು, ಟೇಬಲ್, ಫ್ರಿಜ್‌ಗೂ ಇದೇ ಮಾತು. ಇಲ್ಲೊಂದು ಸೂಕ್ಷ್ಮವಿದೆ. 'ಬೇಕಾ?' ಎಂದು ಕೇಳಿದಾಗ ದುಡಿಯುವ ಮನೆಯ ಯಜಮಾನಿಗೆ ಬೇಡ ಎನ್ನಲು ಸಂಕೋಚ. ಹತ್ತಡಿ ಕೋಣೆಗೆ ಆರಡಿ ಮಂಚ ಒಯ್ದು ಆಕೆ ಪೇಚಾಡುವುದೂ ಉಂಟು. ಅಳತೆ ಹೇಳಿ, ಸಾಗಿಸುವ ಟೆಂಪೋ ಬಾಡಿಗೆ ನೀವೇ ಕೊಡುವುದಾಗಿ ಹೇಳಿ, 'ಯೋಚಿಸಿ ನಾಳೆ ಹೇಳಿ' ಎಂದು ಒಂದು ದಿನ ಬಿಡುವುದು ಮರ್ಯಾದೆ.

ಹಳೆ ಚಾದರ, ಟವೆಲ್, ದಿನಪತ್ರಿಕೆ ಮನುಷ್ಯರಿಗೆ ಬೇಡವಾದರೂ ಪ್ರಾಣಿ ಆಶ್ರಯಗಳಿಗೆ ದಿನವೂ ಬೇಕಾಗುವಂಥವು. ಬಾವಧನ್‌ನಲ್ಲಿ ಗಾಯಗೊಂಡ ಪ್ರಾಣಿಗಳ ಆರೈಕೆ ಮಾಡುವ 'ರೆಸ್‌ಕ್ಯೂ' ಟ್ರಸ್ಟ್‌ನಂಥ ಕಡೆ ವಿಚಾರಿಸಬಹುದು. ಬೂಟುಗಳಿಗೆ ಮುಂಬೈ ಮೂಲದ 'ಗ್ರೀನ್‌ಸೋಲ್' ಇದೆ. ಹಳೆ ಬೂಟಿನ ಅಟ್ಟೆಯಿಂದ ಚಪ್ಪಲಿ ಮಾಡಿ ಬರಿಗಾಲಿನ ಮಕ್ಕಳಿಗೆ ಕೊಡುತ್ತಾರೆ.

ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಉಳಿಯುವ ವಾಕರ್, ಗಾಲಿ ಕುರ್ಚಿ, ಕಮೋಡ್ ಕುರ್ಚಿ, ಆಸ್ಪತ್ರೆ ಮಂಚಗಳನ್ನು ನೋಡಿಕೊಂಡು ಇರುವುದೇ ನೋವು. ಮಹಾರಾಷ್ಟ್ರದ ಊರೂರಲ್ಲಿ 'ರುಗ್ಣೋಪಯೋಗಿ ಸಾಹಿತ್ಯ ಕೇಂದ್ರ' ಎಂಬ ಫಲಕ ಕಾಣುತ್ತದೆ. ಸಾಹಿತ್ಯ ಎಂಬ ಪದ ನೋಡಿ ಕನ್ನಡಿಗರು ಗ್ರಂಥಾಲಯವೇನೋ ಎಂದುಕೊಂಡಾರು. ಮರಾಠಿಯಲ್ಲಿ ಸಾಹಿತ್ಯ ಎಂದರೆ ಸಲಕರಣೆಯೂ ಹೌದು. ರೋಗಿಗಳಿಗೆ ಬೇಕಾದ ಇಂಥ ಸಲಕರಣೆಯನ್ನು ಠೇವಣಿ ಇಟ್ಟುಕೊಂಡು ಅಲ್ಪ ಬಾಡಿಗೆಗೆ ಕೊಡುವ ಕೇಂದ್ರಗಳಿವು. ಒಂದು ಗಾಲಿ ಕುರ್ಚಿ ಇಲ್ಲಿ ಒಂದಾದ ಮೇಲೊಂದು ಮನೆಗೆ ಹೋಗಿಬರುತ್ತದೆ. ದಾನ ಕೊಟ್ಟ ಸಾಮಾನು ಇಷ್ಟು ದುಡಿಯುವ ಜಾಗ ಇನ್ನೊಂದಿಲ್ಲ.

ಕೆಟ್ಟ ಟಿವಿ, ಮಿಕ್ಸರ್, ಕಂಪ್ಯೂಟರ್ ಇ-ತ್ಯಾಜ್ಯ. ಪುಣೆಯ 'ಪೂರ್ಣಂ ಇಕೊವಿಷನ್' ಪ್ರತಿಷ್ಠಾನ 'ಇ-ಯಂತ್ರಣ್' ಹೆಸರಿನಲ್ಲಿ ಇವನ್ನು ಸಂಗ್ರಹಿಸುವ ಅಭಿಯಾನ ನಡೆಸುತ್ತದೆ. ಕಂಪ್ಯೂಟರ್, ಮೊಬೈಲ್ ಕೊಡುವ ಮುನ್ನ ಒಳಗಿನ ಫೋಟೋ, ಬ್ಯಾಂಕ್ ವಿವರ ಪೂರ್ತಿ ಅಳಿಸಬೇಕು.

ಇನ್ನು ಕನ್ನಡ ಪುಸ್ತಕ. ಪುಣೆಯ ರದ್ದಿ ಅಂಗಡಿಯಲ್ಲಿ ಅದರ ಬೆಲೆ ಕಾಗದದ ತೂಕದ್ದು ಮಾತ್ರ. ಎರಂಡವಣೆಯ ಗಣೇಶನಗರದಲ್ಲಿ ಶಾಲೆ ನಡೆಸುತ್ತಿರುವ ಪುಣೆ ಕನ್ನಡ ಸಂಘದಲ್ಲಿ ಒಮ್ಮೆ ವಿಚಾರಿಸಿದ ಮೇಲೆ ಬೇರೆ ಯೋಚನೆ ಮಾಡಿ.

ಫೋನಿನಲ್ಲಿ ಏನು ಕೇಳಬೇಕು?

ಮರಾಠಿ ಬಾರದವರು ಇಷ್ಟು ಕಲಿತರೆ ಸಾಕು: 'ಆಮ್ಚ್ಯಾಕಡೆ ಜುನೀ ಖೇಳಣೀ ಆಹೇತ್, ತುಮ್ಹಾಲಾ ಹವೀ ಆಹೇತ್ ಕಾ?' ನಮ್ಮಲ್ಲಿ ಹಳೆ ಆಟಿಕೆಗಳಿವೆ, ನಿಮಗೆ ಬೇಕೇ ಎಂದು ಅರ್ಥ. ಪಾತ್ರೆಯಾದರೆ ಖೇಳಣೀ ಬದಲು 'ಭಾಂಡೀ' ಎನ್ನಿ. ಮಕ್ಕಳು ಎಷ್ಟು, ಯಾವ ವಯಸ್ಸಿನವರು, ಯಾವ ದಿನ ಯಾವ ಹೊತ್ತು ಬಂದರೆ ಅನುಕೂಲ ಎಂಬುದನ್ನೂ ಕೇಳಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನಿನ ಫೋಟೋ ಕಳಿಸಿ, ಬೇಕಾದ್ದನ್ನು ಅವರೇ ಆರಿಸಲಿ.

ಸಂಸ್ಥೆ ಹೊಸದಾಗಿ ಕಂಡರೆ ನೋಂದಣಿ ನೋಡುವುದು ಕಷ್ಟವಲ್ಲ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್‌ಗಳು 1950ರ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಾಯಿತವಾಗಿರಬೇಕು. ಕೇಂದ್ರದ 'ಎನ್‌ಜಿಒ ದರ್ಪಣ್' ಜಾಲತಾಣದಲ್ಲೂ ಹೆಸರು ಹುಡುಕಬಹುದು. ಮಕ್ಕಳನ್ನು ಇಟ್ಟುಕೊಂಡಿರುವ ಸಂಸ್ಥೆಯಾದರೆ 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ನೋಂದಣಿ ಕಡ್ಡಾಯ. ಬಾಗಿಲಿಗೆ ಬಂದು, ಗುರುತಿನ ಚೀಟಿಯಿಲ್ಲದೆ 'ಆಶ್ರಮಕ್ಕೆ ಬಟ್ಟೆ ಕೊಡಿ, ಜೊತೆಗೆ ಇನ್ನೂರು ರೂಪಾಯಿ' ಎನ್ನುವವರನ್ನು ವಿಳಾಸ ಕೇಳಿ, ನಾವೇ ತಂದುಕೊಡುತ್ತೇವೆ ಎಂದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ತೆರಿಗೆ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. 80ಜಿ ರಿಯಾಯಿತಿ ಹಣದ ದೇಣಿಗೆಗೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚಾದರೆ ನಗದಾಗಿ ಕೊಟ್ಟರೆ ಇಲ್ಲ. ಫ್ರಿಜ್, ಬಟ್ಟೆ, ಆಟಿಕೆಗೆ ರಸೀದಿ ಸಿಕ್ಕರೂ ತೆರಿಗೆ ಉಳಿಯುವುದಿಲ್ಲ.

ಮಕ್ಕಳ ಕೈಗೆ ಆಟಿಕೆ ಕೊಡುತ್ತಿರುವ ಫೋಟೋ ಸಾಮಾಜಿಕ ಜಾಲತಾಣಕ್ಕೆ ಹಾಕುವ ಆಸೆಯನ್ನು ಬಿಡಬೇಕು. ಪಾಲನೆ-ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ಅದೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹುಟ್ಟುಹಬ್ಬದ ದಿನ ಮಗುವನ್ನು ಕರೆದುಕೊಂಡು ಹೋಗಿ ಅವನ ಕೈಯಿಂದಲೇ ಹಂಚಿಸಬೇಕೆಂಬ ಹಟವನ್ನೂ ಸಂಸ್ಥೆಯವರ ಇಷ್ಟಕ್ಕೆ ಬಿಡಿ. ಸಾಲಾಗಿ ನಿಂತು ಇನ್ನೊಬ್ಬ ಮಗುವಿನ ಕೈಯಿಂದ ಹಳೆ ಆಟಿಕೆ ಪಡೆಯುವುದು ಆ ಕಡೆ ನಿಂತ ಮಗುವಿಗೆ ಹೇಗಿರುತ್ತದೆ ಎಂಬುದು ದೊಡ್ಡವರಿಗೆ ಗೊತ್ತಿರದ ಸಂಗತಿಯಲ್ಲ. ಕಚೇರಿಯಲ್ಲಿ ಕೊಟ್ಟು ಬಂದರೆ ಆ ಆಟಿಕೆ ಮಾರನೇ ದಿನ ಅವರ ಶಿಕ್ಷಕಿಯ ಕೈಯಿಂದ ಸಿಗುತ್ತದೆ.

ಯಾವಾಗ ಕೊಡಬೇಕು?

ಪ್ರತಿವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ 'ದಾನ್ ಉತ್ಸವ್' ನಡೆಯುತ್ತದೆ, 2009ರಲ್ಲಿ ಶುರುವಾದದ್ದು. ಅದರ ಬೆನ್ನಿಗೇ ದೀಪಾವಳಿಯ ಮನೆ ಸ್ವಚ್ಛತೆ. ಈ ಒಂದೂವರೆ ತಿಂಗಳಲ್ಲಿ ಸಂಸ್ಥೆಗಳ ಉಗ್ರಾಣ ಉಕ್ಕಿ ಹರಿಯುತ್ತದೆ. ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ. ಸ್ಕೂಲ್ ಬ್ಯಾಗು, ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿ, ಮಳೆ ಕೋಟು ಮೇ ಕೊನೆಗೇ ತಲುಪಿದರೆ ಉಪಯೋಗ. ಕಂಬಳಿ, ಸ್ವೆಟರ್ ನವೆಂಬರ್ ಮೊದಲ ವಾರದೊಳಗೆ.

ಮನೆ ಬದಲಿಸುವವರು ಕನಿಷ್ಠ ಮೂರು ವಾರ ಮುಂಚೆ ಪಟ್ಟಿ ಮಾಡಿಕೊಳ್ಳಬೇಕು. ಮೊದಲ ವಾರ ಫೋನು, ಎರಡನೇ ವಾರ ಒಗೆಯುವುದು-ಒರೆಸುವುದು-ರಿಪೇರಿ, ಮೂರನೇ ವಾರ ತಲುಪಿಸುವುದು. ಮೂಟೆ ಕಟ್ಟುವಾಗ ಎಲ್ಲವನ್ನೂ ಒಂದರಲ್ಲಿ ತುರುಕದೆ ಆಟಿಕೆ, ಪಾತ್ರೆ, ಬಟ್ಟೆ ಬೇರೆ ಬೇರೆ ಚೀಲದಲ್ಲಿ ಹಾಕಿ, ಹೊರಗೆ ಮಾರ್ಕರ್‌ನಲ್ಲಿ ಮಕ್ಕಳ ವಯಸ್ಸು, ಬಟ್ಟೆ ಅಳತೆ ಬರೆದಿಟ್ಟರೆ ಆ ಕಡೆಯವರ ಅರ್ಧ ದಿನ ಉಳಿಯುತ್ತದೆ. ಸಂಸ್ಥೆಯ ಗೇಟಿನ ಹೊರಗೆ ರಾತ್ರಿ ಮೂಟೆ ಇಟ್ಟು ಹೋಗುವ ಅಭ್ಯಾಸ ಕೆಲವರಿಗಿದೆ. ಬೆಳಗಾಗುವಷ್ಟರಲ್ಲಿ ನಾಯಿಗಳು ಎಳೆದಾಡಿ, ಜುಲೈ ಮಳೆಯಲ್ಲಿ ತೊಯ್ದು ಅದು ಕಸದ ಗಾಡಿಗೇ ಹೋಗುತ್ತದೆ.